ಎಡದ ಲಾಳಿ

ಚಳ್ಳಕೆರೆಯ ಜನ ನನ್ನನ್ನು ಲೆಕ್ಕದ ಡಾಕ್ಟರು ಎಂದು ಕರೆಯುತ್ತಾರೆ. ಎರಡು ಪದಗಳಲ್ಲಿ ಯಾವುದೂ ಪೂರ್ತಿ ಸರಿಯಲ್ಲ. ನಾನು ಔಷಧಿ ಬರೆಯುವ ವೈದ್ಯನಲ್ಲ. ಲೆಕ್ಕ ಬರೆಯುವ ಗುಮಾಸ್ತನೂ ಅಲ್ಲ. ತಲೆಗೆ ಪೆಟ್ಟು ಬಿದ್ದವರು, ಲಕ್ವ ಹೊಡೆದವರು, ಮರೆವು ಹತ್ತಿದವರು ನನ್ನೆದುರು ಕೂರುತ್ತಾರೆ. ನೂರರಿಂದ ಏಳು ಕಳೆಯಿರಿ, ಉಳಿದುದರಿಂದ ಮತ್ತೆ ಏಳು ಕಳೆಯಿರಿ ಎನ್ನುತ್ತೇನೆ. ಚಿತ್ರ ತೋರಿಸಿ ಹೆಸರು ಕೇಳುತ್ತೇನೆ. ಗಡಿಯಾರ ಬರೆಸುತ್ತೇನೆ. ಮಿದುಳಿನ ಯಾವ ಕೆಲಸ ಉಳಿದಿದೆ, ಯಾವುದು ಹೋಗಿದೆ, ಹೋದುದರಲ್ಲಿ ಯಾವುದನ್ನು ಅಭ್ಯಾಸದಿಂದ ಮರಳಿ ತರಬಹುದು ಎಂದು ಅಳೆಯುವುದು ನನ್ನ ವೃತ್ತಿ. ಅದಕ್ಕೆ ಕ್ಲಿನಿಕಲ್ ನ್ಯೂರೋಸೈಕಾಲಜಿ ಎಂಬ ಉದ್ದದ ಹೆಸರಿದೆ. ಎಣ್ಣೆ ಮಿಲ್ಲಿನ ಹಮಾಲಿಯೊಬ್ಬ ಏಳೇಳಾಗಿ ಕಳೆಯುತ್ತ ಬಂದು ಕೊನೆಗೆ, "ಇನ್ನೆರಡು ಉಳಿದಾವೆ ಸಾ, ನೀವೇ ಇಟ್ಕಳ್ರಿ" ಎಂದು ಎದ್ದುಹೋದ. ಆ ಮೇಲೆ ಊರಿಗೆ ಸಣ್ಣ ಹೆಸರೇ ಸಾಕಾಯಿತು.

ನಾನು ಮೊದಲು ಓದಿದ್ದು ಗಣಿತ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಇಂಥ ಪರೀಕ್ಷೆಗಳ ಸರಾಸರಿ ತೆಗೆದುಕೊಡಲು ಒಬ್ಬ ಸಹಾಯಕ ಬೇಕಾಗಿದ್ದ, ಹೋದೆ. ಅಂಕಿಗಳ ಹಿಂದಿನ ಮನುಷ್ಯರನ್ನು ನೋಡುವ ಆಸೆ ಹುಟ್ಟಿತು. ಮತ್ತೆ ವಿದ್ಯಾರ್ಥಿಯಾದೆ, ಅದೇ ವಿಭಾಗದಲ್ಲಿ ನಿವೃತ್ತಿಯವರೆಗೆ ಉಳಿದೆ. ಮೂರ್ಛೆರೋಗಿಯ ಮಿದುಳಿನಿಂದ ಒಂದು ಭಾಗವನ್ನು ತೆಗೆಯುವ ಮುನ್ನ, ಅದರೊಂದಿಗೆ ಯಾವ ನೆನಪು, ಯಾವ ಮಾತು ಹೋದೀತು ಎಂದು ಶಸ್ತ್ರಚಿಕಿತ್ಸಕರು ನಮ್ಮನ್ನು ಕೇಳುತ್ತಿದ್ದರು. ಅಪಘಾತವಾದವನು ಮತ್ತೆ ಲಾರಿ ಓಡಿಸಬಹುದೇ ಎಂದು ನ್ಯಾಯಾಲಯ ಕೇಳುತ್ತಿತ್ತು. ನಾವು ಅಳೆದು ಹೇಳುತ್ತಿದ್ದೆವು. ರೋಗಿ ರಾತ್ರಿಯ ಬಸ್ಸು ಹತ್ತಿ ರಾಯಚೂರಿಗೋ ಬಳ್ಳಾರಿಗೋ ಹೋಗುತ್ತಿದ್ದ. ಆಮೇಲೆ ಆ ಮನೆಯಲ್ಲಿ ಏನಾಯಿತು ಎಂಬುದು ನಮಗೆ ತಿಳಿಯುತ್ತಿರಲಿಲ್ಲ. ಅರ್ಧ ಬಿಡಿಸಿದ ಸಮಸ್ಯೆಯನ್ನು ಹಲಗೆಯಿಂದ ಒರೆಸಿದಂತೆ ಅದು ಪ್ರತಿದಿನ ನಡೆಯಿತು. ಉಳಿದ ಅರ್ಧವನ್ನು ನೋಡಬೇಕೆಂಬ ಹಂಬಲ ನನ್ನನ್ನು ಬಿಡಲಿಲ್ಲ. ನಿವೃತ್ತಿಯಾದ ಮೇಲೆ ಹುಟ್ಟಿದ ಊರಿಗೆ ಬಂದು, ಔಷಧಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಮೇಜು ಹಾಕಿ ಕುಳಿತೆ.

ಹೊನ್ನೂರಸ್ವಾಮಿಯನ್ನು ಅಲ್ಲಿಗೆ ಕರೆತಂದವನು ಆತನ ತಮ್ಮ ಬಾಲರಾಜು. ಮೊಳಕಾಲ್ಮುರಿನವರು, ರೇಷ್ಮೆ ಸೀರೆ ನೇಯುವ ಮನೆ. ಹೊನ್ನೂರಸ್ವಾಮಿಗೆ ಐವತ್ತು ದಾಟಿರಬೇಕು. ಬೇಸಗೆಯಲ್ಲಿ ಲಕ್ವ ಹೊಡೆದು, ಎಡಗೈ ಎಡಗಾಲು ಬಿದ್ದುಹೋಗಿ, ಚಿಕಿತ್ಸೆಯಿಂದ ಎರಡೂ ಹೆಚ್ಚುಕಡಿಮೆ ಮರಳಿದ್ದವು. ನಡೆದುಕೊಂಡೇ ಮೆಟ್ಟಿಲು ಹತ್ತಿ ಬಂದ. ನನ್ನೆದುರಿನ ಮೂರು ಕುರ್ಚಿಗಳಲ್ಲಿ ನಡುವೆ ಆತ ಕುಳಿತ. ಆತನ ಬಲಕ್ಕೆ ಬಾಲರಾಜು. ಎಡಕ್ಕೆ ಹೊನ್ನೂರಸ್ವಾಮಿಯ ಹೆಂಡತಿ ಗೀತಮ್ಮ.

"ಏನು ತೊಂದರೆ?" ಎಂದು ಕೇಳಿದೆ.

"ನಂಗೇನ್ ತೊಂದ್ರೆ ಇಲ್ಲ ಸಾ. ತಮ್ಮ ಕರ್ಕಂಡ್ ಬಂದ, ಬಂದೆ. ತೊಂದ್ರೆ ಇರೋದು ಮನೆಯಾಗೆ."

"ಏನದು?"

"ಮಗ್ಗಕ್ಕೆ ಜೊತೆ ಇಲ್ಲ. ನಮ್ದು ದೊಡ್ಡಂಚಿನ ಸೀರೆ. ಒಬ್ಬನ್ ಕೈಲಿ ಆಗೋ ಕೆಲ್ಸ ಅಲ್ಲ. ಎಡಕ್ಕೆ ಕೂತು ಲಾಳಿ ಹಿಡಿಯಾಕೆ ಹೆಂಡ್ತಿ ಬೇಕು. ಅವಳು ತವ್ರಿಗೆ ಹೋಗಿ ಕುಂತವ್ಳೆ, ಕೊಂಡ್ಲಹಳ್ಳೀಲಿ."

"ಇಲ್ಲೇ ಇದೀನಲ್ಲ" ಎಂದಳು ಗೀತಮ್ಮ, ಎಡಗಡೆಯಿಂದ.

ಹೊನ್ನೂರಸ್ವಾಮಿ ಬಲಕ್ಕೆ ತಿರುಗಿ ತಮ್ಮನನ್ನು ನೋಡಿದ. "ನೀನಿದ್ರೆ ಆತೇನ್ಲೇ? ನಿನ್ ಕೈಗೆ ಲಾಳಿ ಕೊಡೋದೂ ಒಂದೇ, ಎಮ್ಮೆ ಕೈಗೆ ಕೊಡೋದೂ ಒಂದೇ."

"ಎಮ್ಮೆಗೆ ಕೈ ಎಲ್ಲೈತಣ್ಣ" ಎಂದ ಬಾಲರಾಜು. ಆದರೆ ನಗಲಿಲ್ಲ.

ಗೀತಮ್ಮ ಎರಡನೆಯ ಸಲ ಮಾತಾಡಲಿಲ್ಲ. ಇದು ಆಕೆಗೆ ಹೊಸದಲ್ಲ ಎಂದು ತಿಳಿಯಿತು.

ನಾನು ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆದು, ಅದರ ನಡುಮಧ್ಯದಲ್ಲಿ ಗುರುತು ಹಾಕಲು ಹೇಳಿದೆ. ಹೊನ್ನೂರಸ್ವಾಮಿ ಕಣ್ಣು ಕಿರಿದು ಮಾಡಿ, ನೇಕಾರನ ಎಚ್ಚರಿಕೆಯಿಂದ, ಬಲತುದಿಯ ಹತ್ತಿರ ಗುರುತು ಹಾಕಿದ. "ನೂಲು ಹಿಡ್ದು ಅಳೀರಿ ಬೇಕಾರೆ. ಎಳೆ ಆಚೀಚೆ ಆಗಿರಲ್ಲ" ಎಂದ. ಗಡಿಯಾರ ಬರೆಸಿದೆ. ಹನ್ನೆರಡೂ ಅಂಕಿಗಳು ಬಲಭಾಗದಲ್ಲಿ ಒಂದರ ಮೇಲೊಂದು ಕುಳಿತವು. ಎಡಭಾಗ ಬರಿದಾಗಿ ಉಳಿಯಿತು. ಆತನಿಗೆ ಅದು ಪೂರ್ಣ ಗಡಿಯಾರವಾಗಿತ್ತು. ಗೆರೆಗೆ ಮಧ್ಯಬಿಂದು ಒಂದೇ ಎಂದು ನಾನು ಬಾಲ್ಯದಲ್ಲಿ ಕಲಿತಿದ್ದೆ. ಆತನ ಗೆರೆಯಲ್ಲೂ ಒಂದೇ ಇತ್ತು. ಗೆರೆ ಎಲ್ಲಿಂದ ಆರಂಭವಾಗುತ್ತದೆ ಎಂಬಲ್ಲಿ ಮಾತ್ರ ನಮ್ಮಿಬ್ಬರಿಗೆ ಭೇದ.

ಗೀತಮ್ಮನ ಕಡೆ ತಿರುಗಿ ಹೇಳಿದೆ: "ಕಣ್ಣು ಸರಿಯಾಗಿದೆ. ಕಿವಿ ಸರಿಯಾಗಿದೆ. ಮಿದುಳಿನ ಬಲಭಾಗಕ್ಕೆ ರಕ್ತ ನಿಂತಿದ್ದರಿಂದ ಎಡಗಡೆಗೆ ಗಮನ ಕೊಡುವ ಶಕ್ತಿ ಕುಂದಿದೆ. ಎಡಗಡೆ ಅವರಿಗೆ ಕತ್ತಲಾಗಿ ಕಾಣುತ್ತದೆ ಎಂದು ತಿಳಿಯಬೇಡಿ. ಎಡಗಡೆ ಎಂಬುದೇ ಇಲ್ಲ. ಇಲ್ಲದ ಕಡೆ ಯಾರೂ ಹುಡುಕುವುದಿಲ್ಲ."

"ಮಗ್ಗದಾಗೆ ನಾನು ಕೂರೋ ಕಡೆ ಅಲ್ವಾ ಅದು?"

"ಹೌದು."

ಆಕೆ ಎದ್ದು, ಗಂಡನ ಕುರ್ಚಿಯ ಹಿಂದಿನಿಂದ ಬಳಸಿ ಬಂದು, ಬಲಕ್ಕೆ ಬಾಲರಾಜುವಿನ ಪಕ್ಕದಲ್ಲಿ ನಿಂತಳು.

ಹೊನ್ನೂರಸ್ವಾಮಿಯ ಮುಖ ಅರಳಿತು. ಅದನ್ನು ನಾನು ಬೇರೆ ರೀತಿಯಲ್ಲಿ ಬರೆಯಲಾರೆ. "ಯಾವಾಗ್ ಬಂದ್ಯೇ? ಬಸ್ಸು ಸಿಕ್ತಾ?"

"ಸಿಕ್ತು" ಎಂದಳು ಗೀತಮ್ಮ. "ಈಗ ಬಂದೆ."

ನಾನು ಮಾಡಬೇಕಾದುದನ್ನು ವಿವರಿಸಿದೆ. ಕಷ್ಟವಾದರೂ ಯಾವುದನ್ನೂ ಬಲಕ್ಕೆ ಸರಿಸಬಾರದು. ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಆ ಪಟ್ಟಿ ಕಾಣುವವರೆಗೂ ಹುಡುಕಿ ಉಣ್ಣಲು ಹೇಳಬೇಕು. ಮಾತಾಡುವವರು ಎಡಕ್ಕೆ ನಿಂತು ಮಾತಾಡಬೇಕು. ಮಿದುಳಿಗೆ ಎಡವನ್ನು ಹುಡುಕುವ ಕೆಲಸ ಕೊಡದಿದ್ದರೆ ಅದು ಕಲಿಯುವುದಿಲ್ಲ. "ಎಡದಿಂದ ಹೆಸರು ಹಿಡಿದು ಕೂಗಿ. ತನ್ನ ಹೆಸರಿಗೆ ಮಿದುಳು ಬೇರೆ ಶಬ್ದಗಳಿಗಿಂತ ಬೇಗ ಓಗೊಡುತ್ತದೆ."

ಗೀತಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ಅದೊಂದು ಆಗಲ್ಲ ಸಾ" ಎಂದ ಬಾಲರಾಜು. "ನಮ್ಮತ್ತಿಗೆ ರೇಷನ್ ಅಂಗಡಿಯಾಗೂ ಅಣ್ಣನ ಹೆಸ್ರು ಹೇಳಲ್ಲ. ಸುಮ್ನೆ ಕಾರ್ಡ್ ತೋರಿಸ್ತಾಳೆ."

"ಮಾತ್ರೆ ಏನೂ ಬರ್ಯಲ್ವಾ?" ಎಂದು ಹೊನ್ನೂರಸ್ವಾಮಿ ಕೇಳಿದ. ಬರೆಯುವುದಿಲ್ಲ ಎಂದೆ. "ಹಂಗಾರೆ ನಂಗೇನೂ ಇಲ್ಲ ಅಂತ ಆತಲ್ಲ" ಎಂದು ಎದ್ದ. ಇಳಿಯುವಾಗ ಬಾಗಿಲ ಚೌಕಟ್ಟಿಗೆ ಆತನ ಎಡಭುಜ ತಾಗಿತು.

ಪ್ರತಿ ಸೋಮವಾರ ಬನ್ನಿ ಎಂದಿದ್ದೆ. ಅವರು ಮತ್ತೆ ಬರಲಿಲ್ಲ.

ಬೆಂಗಳೂರಿನಲ್ಲಿ ಇಂಥವರು ಅನೇಕರಿದ್ದರು. ಅವರ ದಾರಿ ಕಾಯುವುದು ನಮ್ಮ ಪದ್ಧತಿಯಾಗಿರಲಿಲ್ಲ. ಮಳೆ ತಡವಾದ ಒಂದು ಆಷಾಢದ ಬೆಳಗ್ಗೆ ನಾನು ಪದ್ಧತಿ ಬಿಟ್ಟು ಮೊಳಕಾಲ್ಮುರಿನ ಬಸ್ಸು ಹತ್ತಿದೆ. ತಳಕು ದಾಟಿದ ಮೇಲೆ ಬಸ್ಸಿನೊಳಗಿನ ಮಾತು ಅರ್ಧ ತೆಲುಗಾಯಿತು. ಹಾನಗಲ್ಲಿನಲ್ಲಿ ಕುರಿಮಂದೆಯೊಂದು ರಸ್ತೆ ದಾಟುವವರೆಗೆ ನಿಂತೆವು. ಮೊಳಕಾಲ್ಮುರಿನಲ್ಲಿ ಇಳಿದು ಹೆಸರು ಕೇಳಿದರೆ ಎರಡು ಓಣಿಗಳಾಚೆಗೆ ಕೈ ತೋರಿಸಿದರು. ಮಗ್ಗದ ಸದ್ದು ಕೆಲವೇ ಮನೆಗಳಿಂದ ಬರುತ್ತಿತ್ತು.

ಬಾಗಿಲಲ್ಲಿ ಮುದುಕಿಯೊಬ್ಬಳು ರಾಟೆಯ ಮುಂದೆ ಕುಳಿತು ಲಾಳಿಯೊಳಗಿಡುವ ಕಂಡಿಕೆಗಳಿಗೆ ರೇಷ್ಮೆ ಸುತ್ತುತ್ತಿದ್ದಳು. ಹೊನ್ನೂರಸ್ವಾಮಿಯ ಸೋದರತ್ತೆ, ದುರುಗಕ್ಕ.

"ಲೆಕ್ಕದ ಡಾಕ್ಟ್ರಾ? ರಾ ಸಾಮಿ, ರಾ, ಕೂಸೋ" ಎಂದು ತೆಲುಗಿನಲ್ಲಿ ಬಂದು ಕೂರಲು ಹೇಳಿ, ಕನ್ನಡಕ್ಕೆ ಹೊರಳಿದಳು. "ನಿಮ್ ಪುಣ್ಯ, ನಮ್ ಹುಡ್ಗ ಈಗ ಬೇಷಾಗವ್ನೆ. ಬೈಯೋದ್ರಾಗೆ ಏನೂ ಕಮ್ಮಿ ಆಗಿಲ್ಲ."

ಒಳಗೆ ನಡುಮನೆಯಲ್ಲಿ ಕುಣಿಮಗ್ಗವಿತ್ತು. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಹೊನ್ನೂರಸ್ವಾಮಿ ನೇಯುತ್ತಿದ್ದ. ಸೀರೆಯ ಒಡಲು ಗಿಳಿಹಸಿರು, ಅಂಚು ಕೆಂಪು. ಒಡಲಿನ ನೂಲನ್ನು ಹೊತ್ತ ಲಾಳಿ ಅಂಚಿನವರೆಗೆ ಓಡಿ ಬರುತ್ತದೆ. ಅಲ್ಲಿ ಇನ್ನೊಬ್ಬರು ಕುಳಿತು ಅದನ್ನು ಹಿಡಿದು, ಹಸಿರು ಎಳೆಯನ್ನು ಅಂಚಿನ ಕೆಂಪು ಎಳೆಗೆ ಸಿಕ್ಕಿಸಿ, ಹಿಂದಕ್ಕೆ ಬಿಡುತ್ತಾರೆ. ಪ್ರತಿ ಸಾಲಿಗೂ ಹಾಗೆಯೇ. ಎರಡನೆಯ ಕೈ ಇಲ್ಲದೆ ಅಂಚು ಒಡಲಿಗೆ ಕೂಡುವುದಿಲ್ಲ. ಆ ಕೈ ಕೂರುವ ಜಾಗ ಎಡ ಎಂದು ಅವರು ಹೇಳಿದ್ದರು. ಗೀತಮ್ಮ ಬಲಕ್ಕೆ ಕುಳಿತಿದ್ದಳು. ಎಡತುದಿ ಮುಟ್ಟಿದ ಲಾಳಿಯನ್ನು ಬಾಲರಾಜು ತಿರುಗಿ ಕಳಿಸುತ್ತಿದ್ದ.

"ನನ್ ಐಡಿಯಾ ಸಾ" ಎಂದ ಬಾಲರಾಜು. "ಹಾಸಿನ ಉದ್ದೆಳೆ ಪೂರ್ತಿ ಬಿಚ್ಚಿ, ದೊಡ್ಡಂಚು ಬಲಕ್ಕೆ ಬರಂಗೆ ತಿರುಗಿ ಕಟ್ಟಿದ್ವಿ. ಅಪ್ಪನ ಕಾಲ್ದಾಗಿಂದ ಈ ಮಗ್ಗದಾಗೆ ಯಾರೂ ಹಂಗೆ ಕಟ್ಟಿರ್ಲಿಲ್ಲ."

ಮಗ್ಗವೊಂದೇ ಅಲ್ಲ. ಹಾಸಿಗೆ, ಗೂಟದ ಅಂಗಿ, ಟೀವಿ, ನೀರಿನ ಚೊಂಬು, ಎಲ್ಲವೂ ಆತನ ಬಲಕ್ಕೆ ಬಂದಿದ್ದವು. ಮನೆಯವರೆಲ್ಲ ಸೇರಿ ಪ್ರೀತಿಯಿಂದ ಮನೆಯನ್ನು ಅರ್ಧ ಮಾಡಿದ್ದರು.

"ಕೈ ಬಿಗಿ ಬಿಡೇ, ಅಂಚು ಎಳೀತೈತೆ" ಎಂದ ಹೊನ್ನೂರಸ್ವಾಮಿ.

"ಎಳೀಲಿ ಬಿಡ್ರಿ. ನಿಮ್ ಒಡ್ಲೇ ಸಡ್ಲ ಐತೆ."

"ಯಾರ್ದೇ ಸಡ್ಲ? ಈ ಕೈಲಿ ನೇಯ್ದ ಸೀರೆ ಧಾರೆಗೆ ಉಟ್ಕಂಡೋರು ಇವತ್ಗೂ ಹೊಗಳ್ತಾರೆ."

"ಸೀರೆ ಹೊಗಳ್ತಾರೆ. ನೇಯ್ದೋನ್ನ ಕಂಡವ್ರು ಯಾರೈದಾರೆ?"

"ನೀನು ಕಂಡೀಯಲ್ಲ, ಸಾಕು."

ಇಬ್ಬರೂ ನಕ್ಕರು. ಮಗ್ಗದ ಸದ್ದಿನೊಳಗೆ ಆ ನಗು ಹೊಂದಿಕೊಂಡು ನಡೆಯಿತು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನೋಡುತ್ತಲೇ ಬೇರೆಯದನ್ನೂ ಗಮನಿಸಿದೆ. ಆತನ ಬಲಗೆನ್ನೆ ನುಣ್ಣಗಿತ್ತು, ಎಡಗೆನ್ನೆಯಲ್ಲಿ ವಾರದ ಗಡ್ಡವಿತ್ತು. ಅಂಗಿಯ ಎಡತೋಳು ತೊಡದೆ ಹಿಂದಕ್ಕೆ ಜೋತಿತ್ತು. ಶಕ್ತಿ ಮರಳಿದ್ದ ಎಡಗೈ ತೊಡೆಯ ಮೇಲೆ, ಯಾರೋ ಮರೆತು ಹೋದ ವಸ್ತುವಿನಂತೆ ಬಿದ್ದಿತ್ತು. ಭುಜದ ಮೇಲೆ ಹಳೆಯ ಗಾಯದ ಪಕ್ಕ ಹೊಸ ಗಾಯ. ಹಿಂದಿನ ವಾರ ಬಸ್‌ಸ್ಟ್ಯಾಂಡಿನ ಬಳಿ ಎಡದಿಂದ ಬಂದ ಆಟೋ ಚಾಲಕ ಬ್ರೇಕು ಹಾಕದಿದ್ದರೆ ಕಷ್ಟವಿತ್ತು ಎಂದು ಬಾಲರಾಜು ಹೇಳಿದ. ಹಾಳೆ ತೆಗೆದು ಮತ್ತೆ ಗೆರೆ ಎಳೆದೆ. ಈ ಬಾರಿ ಆತನ ಮಧ್ಯ ಇನ್ನಷ್ಟು ಬಲಕ್ಕೆ ಜರುಗಿತ್ತು.

ಗೀತಮ್ಮನನ್ನು ಹಿತ್ತಲಿಗೆ ಕರೆದು, ಎಡಕ್ಕೆ ಹೋಗಿ ಕೂರಬೇಕು ಎಂದೆ.

"ಕೂರಲ್ಲ ಸಾ" ಎಂದಳು.

ಕಾರಣಗಳನ್ನು ಹೇಳಿದೆ. ಆಕೆ ಎಲ್ಲವನ್ನೂ ಕೇಳಿದಳು.

"ನೀವು ಓದಿದೋರು. ಒಂದ್ ಮಾತ್ ಕೇಳ್ತೀನಿ. ಪಕ್ಕದಾಗೆ ಕೂತಿರ್ತಿದ್ದೆ. ಊಟಕ್ಕೆ ಇಕ್ತಿದ್ದೆ. ನಾನ್ ಇಕ್ಕಿದ ಮುದ್ದೆ ಉಂಡು, 'ಇವತ್ತಾದ್ರೂ ಬರ್ತಾಳೇನೋ' ಅಂತ ಬಾಗ್ಲು ನೋಡೋರು. ನನ್ನ ಮುಂದೇನೇ ನಂಗಾಗಿ ಕಾಯೋರು. ಅದನ್ನ ಕಂಡೀರಾ ನೀವು?"

"ಇಲ್ಲ."

"ಮುಟ್ಟಿದ್ರೆ ತೋಳು ಒರ್ಸ್ಕಣೋರು, ನೊಣ ಕೂತಂಗೆ. ಈಗ ಕಾಣ್ತೀನಿ. ಜಗಳಾನಾರಾ ಆಡ್ತಾರೆ. ನಂಗಿಷ್ಟು ಸಾಕು."

ಎಡಕ್ಕೆ ಕೂತರೆ ಆತ ಖಂಡಿತ ತಿರುಗುತ್ತಾನೆ ಎಂದು ಹೇಳಬಹುದಿತ್ತು. ಅದು ನನಗೆ ಗೊತ್ತಿರದ ಸಂಗತಿ. ಊಟ ಮಾಡಿಕೊಂಡು ಹೋಗಿ ಎಂದಳು.

ಹೊನ್ನೂರಸ್ವಾಮಿ ನನ್ನ ಪಕ್ಕದಲ್ಲಿ ಉಣ್ಣಲು ಕುಳಿತ. ಗೀತಮ್ಮ ಆತನ ಬಲಕ್ಕೆ ಕುಳಿತು ಬಡಿಸಿದಳು. ಆತ ಹೆಂಡತಿಗೆ ಹೇಳುತ್ತಿದ್ದ: ಹಸಿರಿನ ಮೇಲೆ ಕೆಂಪು ಹಳತಾಯಿತು, ಮುಂದಿನ ಸೀರೆಯ ಒಡಲಿಗೆ ನೇರಳೆ ಹಾಕಬೇಕು, ನೇರಳೆ ಎಂದರೆ ಅಂಗಡಿಯವರು ತರುವ ಮಂಕು ನೇರಳೆ ಅಲ್ಲ, ಹಣ್ಣು ತಿಂದ ನಾಲಿಗೆಯ ಬಣ್ಣ. ಆಕೆ ಸಾರು ತರಲು ಎದ್ದಳು. ಒಲೆ ಎಡಗಡೆಯ ಮೂಲೆಯಲ್ಲಿತ್ತು. ಒಲೆಯನ್ನೂ ಹಿತ್ತಲ ಬಾಗಿಲನ್ನೂ ಬಲಕ್ಕೆ ಸರಿಸಲು ಯಾರಿಗೂ ಆಗಿರಲಿಲ್ಲ. ಆಕೆ ಆತನ ಮುಂದಿನಿಂದ ಎಡಕ್ಕೆ ದಾಟಿದಳು. ಆತನ ಮಾತು ನಡುವೆ ನಿಂತುಹೋಯಿತು.

"ಹೋದ್ಲಾ?" ಎಂದು ಬಾಲರಾಜುವನ್ನು ಕೇಳಿದ.

"ಸಾರಿಗೆ ಹೋಗ್ಯಾಳೆ ಕಣೋ, ಕೊಂಡ್ಲಹಳ್ಳಿಗಲ್ಲ" ಎಂದಳು ದುರುಗಕ್ಕ.

"ಹೇಳಿ ಹೋಗ್ಬಾರ್ದಾ? ಮಾತಾಡ್ತಾ ಇದ್ದಂಗೆ ಎದ್ದು ಹೋಗ್ತಾಳೆ. ದಿನಾ ಹಿಂಗೇ."

"ಅದಕ್ಕೇ ಅವ್ಳು ನೀರು ಕುಡ್ಯಾಕೂ ಏಳಲ್ಲ" ಎಂದು ದುರುಗಕ್ಕ ನನಗೆ ಹೇಳಿದಳು. "ಗೂಟಕ್ಕೆ ಕಟ್ಟಿದ ಮೇಕೆ ಆಗ್ಯಾಳೆ. ಹಗ್ಗ ಒಂದು ಕಾಣಲ್ಲ."

ಗೀತಮ್ಮ ಸಾರಿನ ಪಾತ್ರೆ ಹಿಡಿದು ಗಂಡನ ಎಡಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಳು. ಆತ ಬೀದಿಯ ಬಾಗಿಲನ್ನು ನೋಡುತ್ತಿದ್ದ. ಕೈ ಅನ್ನದ ಮೇಲೆ ನಿಂತಿತ್ತು. ಆತನ ಮುಖದಲ್ಲಿದ್ದುದು ಸಿಟ್ಟಲ್ಲ; ಬಸ್ಸು ತಪ್ಪಿಸಿಕೊಂಡವನ ಮುಖ ಅದು. ಆಕೆ ಅದನ್ನು ಮೇಲಿನಿಂದ ನೋಡಿದಳು. ಆಮೇಲೆ ಬಲಕ್ಕೆ ಬಳಸಿ ಬಂದಳು.

"ಬಂದ್ಯಾ?"

"ಬಂದೆ."

"ಏನ್ ಹೇಳ್ತಿದ್ದೆ ನಾನು?"

"ನೇರಳೆ."

ನನ್ನನ್ನು ಓಣಿಯ ತಿರುವಿನವರೆಗೆ ಬಿಡಲು ಆಕೆಯೇ ಬಂದಳು. ಬೇಲಿಯ ಜಾಲಿ ಒಣಗಿ ಬಿಳಿಚಿತ್ತು. ಅಲ್ಲಿ ನಿಂತು, "ಈ ಸೀರೆ ಮುಗೀಲಿ ಸಾ" ಎಂದಳು.

ಅರ್ಥವಾಗಲಿಲ್ಲ ಎಂಬಂತೆ ನೋಡಿದೆ.

"ಇನ್ನೂ ಅರ್ಧಾನೂ ಆಗಿಲ್ಲ ಅದು. ಅದು ಮುಗಿಯೋಗಂಟ ಬಲಕ್ಕೇ ಕೂರ್ತೀನಿ. ಆಮೇಲೆ ನೀವ್ ಹೇಳ್ದಂಗೆ ಎಡಕ್ಕೆ. ಒಂದ್ ಸೀರೆ ಬಿಡ್ರಿ ನಂಗೆ."

ತಡವಾದಷ್ಟೂ ಕಲಿಸುವುದು ಕಷ್ಟ. ಅದನ್ನು ಹೇಳುವುದು ನನ್ನ ಕರ್ತವ್ಯವಾಗಿತ್ತು, ಹೇಳಿದೆ.

"ಗೊತ್ತಾತು" ಎಂದಳು. ಹೋಗಲಿಲ್ಲ.

"ಆಗಲಿ, ಒಂದು ಸೀರೆ" ಎಂದೆ.

ಆ ಸೀರೆ ಬೇಗ ಮುಗಿಯಲಿಲ್ಲ. ಬಾಲರಾಜು ಫೋನು ಮಾಡಿ ದೂರಿದ: "ಅತ್ತಿಗೆ ಕೈ ಯಾಕೋ ನಿಧಾನ ಆಗೈತೆ ಸಾ. ಎಳೆ ಸರಿ ಇಲ್ಲ ಅಂತಾಳೆ, ಜರಿ ಬಣ್ಣ ಸರಿ ಇಲ್ಲ ಅಂತಾಳೆ, ಸಂಜೆ ಬೆಳಕು ಸಾಲ್ದು ಅಂತಾಳೆ. ಅಂಗಡಿಯೋರು ಕೇಳ್ತಾವ್ರೆ." ಅವಸರ ಮಾಡಬೇಡ ಎಂದೆ. ಆತನಿಗೆ ಆಶ್ಚರ್ಯವಾಗಿರಬೇಕು. ನಾನೂ 'ಮುಗಿಯಿತೇ' ಎಂದು ಕೇಳಲು ಫೋನು ಕೈಗೆತ್ತಿಕೊಂಡು ಇಟ್ಟುಬಿಟ್ಟ ಸಂಜೆಗಳು ಇದ್ದವು.

ನಡುವೆ ನನಗೆ ಮಾಡಲು ಕೆಲಸವಿತ್ತು. ಕೂಗಿದರೆ ಪ್ರಯೋಜನವಿಲ್ಲ; ಎಡದಿಂದ ಬಂದ ದನಿಯನ್ನು ಆತ ಬಲದಲ್ಲಿದ್ದವರಿಗೆ ಹಚ್ಚುತ್ತಿದ್ದ. ಮುಟ್ಟಿದರೂ ಪ್ರಯೋಜನವಿಲ್ಲ. ಕೆಂಪು ಪಟ್ಟಿಯನ್ನು ಆತ ಹುಡುಕಲೇ ಇಲ್ಲ. ಹುಡುಕಬೇಕೆಂಬ ಅಗತ್ಯ ಆತನಿಗೆ ಇರಲಿಲ್ಲ. ಪುಸ್ತಕದ ಅಭ್ಯಾಸಗಳಲ್ಲಿ ನಾವು ರೋಗಿಗೆ ಅಕ್ಷರಗಳನ್ನೂ ನಕ್ಷತ್ರಗಳನ್ನೂ ಹುಡುಕಲು ಕೊಡುತ್ತೇವೆ. ಹೊನ್ನೂರಸ್ವಾಮಿಗೆ ನಕ್ಷತ್ರದಿಂದ ಆಗಬೇಕಾದುದು ಏನೂ ಇಲ್ಲ. ಆತನಿಗೆ ಬೇಕಾದುದು ಲಾಳಿ. ಅದು ಎಡದಲ್ಲಿ ಉಳಿದುಬಿಟ್ಟರೆ ಕೆಲಸ ನಿಲ್ಲುತ್ತದೆ; ಆದರೆ ಅದರ ನೂಲು ಆತನ ಕಣ್ಣಮುಂದೆಯೇ ಇರುತ್ತದೆ, ಆತನಿಗಿರುವ ಬಲದಿಂದ ಹೊರಟು ಆತನಿಗಿಲ್ಲದ ಎಡದವರೆಗೆ, ಎಲ್ಲೂ ತುಂಡಾಗದೆ. ನನಗೆ ಹೊಳೆದದ್ದು ಇಷ್ಟೇ.

ಹಸಿರು ಸೀರೆ ಕೊನೆಗೂ ಮಗ್ಗದಿಂದ ಇಳಿಯಿತು. ಹೊಸ ಹಾಸು ಕಟ್ಟಿದರು, ನೇರಳೆ ಒಡಲಿಗೆ. ದೊಡ್ಡ ಕೆಂಪು ಅಂಚು ಎಡಕ್ಕೆ, ಮೊದಲಿನಂತೆ. ಬಾಲರಾಜು ಹೇಳಿ ಕಳಿಸಿದ ದಿನ ನಾನು ಹೋದೆ.

ಗೀತಮ್ಮ ಎಡಕ್ಕೆ ಕುಳಿತಿದ್ದಳು. ತಲೆ ಬಾಚಿ ಹೂ ಮುಡಿದಿದ್ದಳು. ದುರುಗಕ್ಕ ಅದನ್ನು ಕಂಡು, "ಯಾರಿಗ್ ತೋರ್ಸಾಕಮ್ಮ?" ಎಂದಳು, ಹೇಳಿದ ಮೇಲೆ ತಾನೇ ಮುಖ ತಿರುಗಿಸಿ ರಾಟೆಯನ್ನು ಜೋರಾಗಿ ತಿರುಗಿಸಿದಳು.

"ಮತ್ತೆ ಹೋದ್ಲು ಸಾ" ಎಂದು ಹೊನ್ನೂರಸ್ವಾಮಿ ನನಗೆ ಹೇಳಿದ. ನಾನು ಆತನ ಬಲಕ್ಕೆ ನಿಂತಿದ್ದೆ. "ನಾಕ್ ದಿನ ಚೆನ್ನಾಗಿದ್ಲು. ಜಗಳಾನೂ ಆಡಿಲ್ಲ ನಾನು. ಏನ್ ಮಾಡಿದ್ನೋ, ಯಾರ್ನ ಕೇಳ್ಲಿ?"

ಗೀತಮ್ಮ ಅಂಚಿನ ಎಳೆಗಳ ಮೇಲೆ ಕೈಯಾಡಿಸಿ ಸರಿಮಾಡಿದಳು.

ಹೇಳಬೇಕಾದುದನ್ನು ನಾನು ಆಕೆಗೆ ಮೊದಲೇ ಹೇಳಿದ್ದೆ. ಲಾಳಿ ಬಂದರೆ ಹಿಡಿದುಕೊಳ್ಳಿ. ಎಳೆ ಸಿಕ್ಕಿಸಿ, ಹಿಂದಕ್ಕೆ ಬಿಡಬೇಡಿ. ಕೂಗಬೇಡಿ. ಕಾಯಿರಿ.

ಹೊನ್ನೂರಸ್ವಾಮಿ ಲಾಳಿ ಬಿಟ್ಟ. ಅದು ಎಡಕ್ಕೆ ಓಡಿ ಆಕೆಯ ಕೈ ಸೇರಿತು. ಆತನ ಬಲಗೈ ಅದರ ಮರಳುವಿಕೆಗೆ ತೆರೆದು ನಿಂತಿತು. ಬರಲಿಲ್ಲ.

"ಲಾಳಿ ಎಲ್ಲಿ?" ಬಲಕ್ಕೆ ನೋಡಿದ. ಬಟ್ಟೆಯ ಕೆಳಗೆ ನೋಡಿದ. "ನೀನ್ ತಗಂಡೇನ್ಲೇ ಬಾಲ?"

"ನಂಗ್ಯಾಕಣ್ಣ ಅದು? ನಾನು ಎಮ್ಮೆ."

"ಅತ್ತೆ, ಲಾಳಿ ಕಂಡ್ಯಾ?"

ದುರುಗಕ್ಕ ನನ್ನ ಮುಖ ನೋಡಿ ರಾಟೆ ತಿರುಗಿಸಿದಳು. ಆತನಿಗೆ ಕೋಪ ಬಂತು. ಎಳೆ ಒತ್ತುವ ಹಣಿಗೆಯನ್ನು ಒಮ್ಮೆ ಸುಮ್ಮನೆ ಬಡಿದ. ಕೊನೆಗೆ ಆತನ ಬೆರಳು ನೇರಳೆ ಎಳೆಯನ್ನು ಹಿಡಿದು ಮೆಲ್ಲನೆ ಜಗ್ಗಿತು. ಎಳೆ ಬಿಗಿಯಾಯಿತು, ಆಚೆ ತುದಿಯಲ್ಲಿ ಏನೋ ಇದೆ ಎಂದು ಬೆರಳಿಗೆ ತಿಳಿಯಿತು. ಬೆರಳು ಎಳೆಯ ಮೇಲೆ ಜರುಗಿತು. ಅದರ ಹಿಂದೆ ಕಣ್ಣು. ಬಟ್ಟೆಯ ನಡುಮಧ್ಯದಲ್ಲಿ ಎರಡೂ ನಿಂತವು. ಆತನ ಕುತ್ತಿಗೆಯ ನರ ಬಿಗಿದು ಕಾಣುತ್ತಿತ್ತು, ಭಾರ ಎತ್ತುವವನಂತೆ. ಆಮೇಲೆ ಮಧ್ಯವನ್ನು ದಾಟಿದ. ಕೆಂಪು ಅಂಚು ಬಂತು, ಅಂಚಿನ ತುದಿಯಲ್ಲಿ ಲಾಳಿ ಬಂತು.

"ಇಲ್ಲೈತಲ್ಲ" ಎಂದ.

ಗೀತಮ್ಮ ಬಿಟ್ಟಳು. ಲಾಳಿ ಬಲಕ್ಕೆ ಓಡಿತು. ಆತನ ಮುಖವೂ ಅದರ ಹಿಂದೆಯೇ ಬಲಕ್ಕೆ ಹೋಯಿತು.

ಬಾಲರಾಜು ನನ್ನ ಕೈ ಹಿಡಿದುಕೊಂಡ. ಇಷ್ಟು ತಿಂಗಳಲ್ಲಿ ಅಣ್ಣ ತಾನಾಗಿ ಎಡಕ್ಕೆ ತಿರುಗಿದ್ದು ಅದೇ ಮೊದಲು. ಮತ್ತೊಂದು ಸಾಲು, ಮತ್ತೊಂದು. ಪ್ರತಿ ಬಾರಿ ಹುಡುಕಾಟ ಸ್ವಲ್ಪ ಚಿಕ್ಕದಾಯಿತು. ಅಳತೆಯ ದೃಷ್ಟಿಯಿಂದ ನಾನು ಇದಕ್ಕಿಂತ ಹೆಚ್ಚನ್ನು ನಿರೀಕ್ಷಿಸಿರಲಿಲ್ಲ. ಗೀತಮ್ಮ ನನ್ನನ್ನು ನೋಡಿದಳು.

"ಲಾಳಿ ಕಂಡ್ರು" ಎಂದಳು. "ಹಿಡ್ಕಂಡಿರೋ ಕೈ ಕಂಡ್ರಾ ಸಾ?"

"ತಿಳಿಯದು. ಮೊದಲು ಲಾಳಿ."

"ಆಮೇಲೆ?"

"ಆಮೇಲಿನದನ್ನು ನಾನು ಹೇಳಲಾರೆ."

ಆ ದನಿ ಕೇಳಿ ಹೊನ್ನೂರಸ್ವಾಮಿ ನನ್ನ ಕಡೆ ತಿರುಗಿ, "ಏನ್ ಸಾ?" ಎಂದ. ಏನಿಲ್ಲ ಎಂದೆ. ಆತ ಲಾಳಿ ಬಿಟ್ಟ.

ಅದು ಕೈ ಸೇರಿತು. ಗೀತಮ್ಮ ಎಳೆ ಸಿಕ್ಕಿಸಿದಳು. ಈ ಬಾರಿ ಲಾಳಿಯನ್ನು ಅಂಚಿನ ಬಳಿ ಹಿಡಿಯಲಿಲ್ಲ. ಮೇಲೆತ್ತಿದಳು. ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುತ್ತ ಬಂತು. ಲಾಳಿಯನ್ನು ತನ್ನ ಕೆನ್ನೆಗೆ ಒತ್ತಿ ಹಿಡಿದು ಕುಳಿತಳು.

"ಅತ್ತಿಗೆ, ಎಳೆ ಸಡ್ಲ ಆಗ್ತೈತೆ, ಅಂಚು ಕೆಡ್ತೈತೆ" ಎಂದು ಬಾಲರಾಜು ಬಾಯಿ ತೆರೆದ. ನಾನು ಕೈಯೆತ್ತಿ ತಡೆದೆ. ಇದು ನಾನು ಹೇಳಿಕೊಟ್ಟದ್ದಲ್ಲ.

ಬೆರಳು ನೂಲಿನ ಮೇಲೆ ಹೊರಟಿತು. ಮಧ್ಯ ದಾಟಿತು. ಅಂಚಿನ ತುದಿ ಮುಟ್ಟಿತು. ಅಲ್ಲಿ ಲಾಳಿ ಇರಲಿಲ್ಲ. ನೂಲು ಬಟ್ಟೆ ಬಿಟ್ಟು ಗಾಳಿಯಲ್ಲಿ ಮೇಲೇರಿತ್ತು. ಇಂಥ ಕಡೆ ರೋಗಿಗಳು ಹಿಂದಿರುಗುತ್ತಾರೆ. ಹುಡುಕಿದ ಜಾಗದಲ್ಲಿ ಸಿಗದಿದ್ದರೆ ಆ ಜಾಗವನ್ನೇ ಬಿಟ್ಟುಬಿಡುತ್ತಾರೆ. ನಾನು ಅದನ್ನೇ ಕಾಯುತ್ತಿದ್ದೆ. ಆತನ ಬೆರಳು ನೂಲನ್ನು ಬಿಡಲಿಲ್ಲ. ಒಂದು ಸಲ ಜಗ್ಗಿದ. ಗೀತಮ್ಮ ಆಚೆಯಿಂದ ಜಗ್ಗಿದಳು, ಬಹಳ ಮೆಲ್ಲಗೆ, ಎಳೆ ಹರಿಯದ ಹಾಗೆ.

ಆತನ ಕಣ್ಣು ನೂಲಿನ ಗುಂಟ ಮೇಲಕ್ಕೆ ಹೋಯಿತು. ಲಾಳಿ. ಲಾಳಿ ಹಿಡಿದ ಬೆರಳುಗಳು. ಕೆನ್ನೆ.

ಆತ ಆಕೆಯನ್ನು ನೋಡಿದ. ರಾಟೆ ನಿಂತಿತ್ತು. ಗೀತಮ್ಮ ಲಾಳಿಯನ್ನು ಕೆಳಗಿಳಿಸಲಿಲ್ಲ.

"ಅಲ್ಲೇನ್ ಮಾಡ್ತಿದೀಯೇ?" ಎಂದ ಹೊನ್ನೂರಸ್ವಾಮಿ. "ಹೂ ಯಾವಾಗ ಮುಡ್ಕಂಡೆ?"

ಆಕೆಯ ಇನ್ನೊಂದು ಕೈ ಹೂವಿಗೆ ಹೋಯಿತು.

"ಲಾಳಿ ಕೊಡು. ಕೆಲ್ಸ ಕೆಡ್ತೈತೆ."

ಆಕೆ ಲಾಳಿಯನ್ನು ಕೆನ್ನೆಯಿಂದ ತೆಗೆದು, ಸಡಿಲಾದ ಎಳೆಯನ್ನು ಬೆರಳಿನಿಂದ ಹಿಂದಕ್ಕೆ ಸುತ್ತಿ, ಬಿಟ್ಟಳು. ಅದು ಬಲಕ್ಕೆ ಓಡಿತು. ಆತನ ಮುಖ ಅದರ ಹಿಂದೆ ಹೋಯಿತು. ಹಣಿಗೆ ಬಡಿದ. ಬಲಕ್ಕೆ ನಿಂತಿದ್ದ ನನ್ನನ್ನು ಕಂಡು, ಹೊಸದಾಗಿ ನೋಡುವವನಂತೆ ತಲೆಯಾಡಿಸಿದ. ಆತನಿಗೆ ಎಡಗಡೆ ಮತ್ತೆ ಇರಲಿಲ್ಲ.

ಲಾಳಿ ಮತ್ತೆ ಎಡಕ್ಕೆ ಬಂತು. ಗೀತಮ್ಮ ಹಿಡಿದಳು, ಎಳೆ ಸಿಕ್ಕಿಸಿದಳು, ಮತ್ತೆ ಮೇಲೆತ್ತಿದಳು.